ರಾಕೆಟ್ ನೋಡಲು ಹಾಕಿದ ಕುರ್ಚಿಗಳು

ನನಗೆ ರಾಕೆಟ್ ಎಂದರೆ ಪ್ರಾಣ ಎಂದು ನಮ್ಮ ಅಪಾರ್ಟ್‌ಮೆಂಟಿನವರೆಲ್ಲ ನಂಬಿದ್ದಾರೆ. ಲಿಫ್ಟಿನಲ್ಲಿ ಸಿಕ್ಕಿದವರು ‘ಸಾರ್, ಅಡುತ್ತ ರಾಕೆಟ್ ಎಪ್ಪೋ?’ ಎಂದು, ಮುಂದಿನ ರಾಕೆಟ್ಟನ್ನು ನಾನೇ ಬಾಲ್ಕನಿಯಲ್ಲಿ ಕೂತು ಜೋಡಿಸುತ್ತಿರುವವನಂತೆ ಕೇಳುತ್ತಾರೆ. ನಾನೂ ಗಂಭೀರವಾಗಿ ದಿನ, ವೇಳೆ ಹೇಳುತ್ತೇನೆ. ನಿಮ್ಮ ಹತ್ತಿರ ಮುಚ್ಚಿಡುವುದೇನು, ರಾಕೆಟ್ ನನಗೆ ಅಷ್ಟಕ್ಕಷ್ಟೆ. ದೀಪಾವಳಿಯ ರಾಕೆಟ್ಟಿನ ಬತ್ತಿಗೆ ಕಿಡಿ ಮುಟ್ಟಿಸಲೂ ಧೈರ್ಯವಿಲ್ಲದೆ ಹೆಂಡತಿಯ ಕೈಗೆ ಊದುಬತ್ತಿ ಕೊಟ್ಟು ಬಾಗಿಲ ಹಿಂದೆ ನಿಲ್ಲುತ್ತಿದ್ದವನು ನಾನು. ನನಗೆ ಬೇಕಾದದ್ದು ರಾಕೆಟ್ ಅಲ್ಲ, ಅದನ್ನು ನೋಡಲು ಮಹಡಿಯ ಮೇಲೆ ಬರುವ ಜನ.

ವಿಮಾ ಕಚೇರಿಯವರು ನಿವೃತ್ತಿ ಇನ್ನೇನು ಬಂತು ಎನ್ನುವಾಗ ನನ್ನನ್ನು ಚೆನ್ನೈಗೆ ಎತ್ತಿ ಹಾಕಿದರು. ಹೆಂಡತಿ ದಾವಣಗೆರೆಯಲ್ಲಿ ಮುಖ್ಯೋಪಾಧ್ಯಾಯಿನಿ. ಶಾಲೆ ಬಿಟ್ಟು ಬರುವಂತಿಲ್ಲ. ಹಾಗಾಗಿ ಮಾಧವರಂನಲ್ಲಿ, ಹಾಲಿನ ಡೈರಿಗೆ ಹತ್ತಿರದ ಈ ಬಾಡಿಗೆ ಮನೆಯಲ್ಲಿ, ನಾನೂ ನನ್ನ ಕುಕ್ಕರ್ರೂ ವಾಸವಾಗಿದ್ದೇವೆ. ಸಂಜೆ ಬೀಗ ತೆಗೆದು ಒಳಗೆ ಬಂದಾಗ ‘ಬಂದೆ ಕಣೇ’ ಎನ್ನುವ ಅಭ್ಯಾಸ ಇನ್ನೂ ಬಿಟ್ಟಿಲ್ಲ. ಫ್ರಿಜ್ಜು ಗುಂಯ್ ಎನ್ನುತ್ತದೆ. ಅದನ್ನೇ ಉತ್ತರವೆಂದು ಇಟ್ಟುಕೊಂಡು ಚಪ್ಪಲಿ ಬಿಡುತ್ತೇನೆ. ನನ್ನ ತಮಿಳು ತರಕಾರಿ ಕೊಳ್ಳುವಷ್ಟಿದೆ, ಬಸ್ಸು ಹತ್ತುವಷ್ಟಿದೆ, ಸ್ನೇಹ ಮಾಡುವಷ್ಟಿಲ್ಲ. ಅಕ್ಷರವಂತೂ ಒಂದೂ ಬಾರದು. ಮೆಟ್ಟಿಲಲ್ಲಿ ಎದುರಾದವರು ‘ಸಾಪ್ಟೀಂಗಳಾ?’ ಎಂದು ಊಟದ ವಿಷಯ ಕೇಳುತ್ತಾರೆ, ನಾನು ‘ಆಚ್ಚು’ ಎನ್ನುತ್ತೇನೆ, ಅಲ್ಲಿಗೆ ಅಂದಿನ ಸಂಭಾಷಣೆ ಮುಗಿಯಿತು.

ಬಂದ ಹೊಸತರಲ್ಲಿ ಒಂದು ಬೆಳಿಗ್ಗೆ ಎಲ್ಲರೂ ಮೆಟ್ಟಿಲ ಮೇಲೆ ದಡದಡ ಓಡುವ ಸದ್ದು ಕೇಳಿತು. ಬೆಂಕಿಯೇ ಬಿದ್ದಿರಬೇಕೆಂದು ಸರ್ಟಿಫಿಕೇಟುಗಳ ಫೈಲನ್ನು ಎದೆಗವಚಿಕೊಂಡು ನಾನೂ ಓಡಿದೆ. ಬೆಂಕಿ ಬಿದ್ದರೆ ಕೆಳಗೆ ಓಡಬೇಕು, ಇವರೇಕೆ ಮೇಲೆ ಓಡುತ್ತಿದ್ದಾರೆ ಎಂಬುದು ಹೊಳೆಯಲೇ ಇಲ್ಲ. ಶ್ರೀಹರಿಕೋಟದಿಂದ ಉಪಗ್ರಹ ಹಾರಿಸುತ್ತಿದ್ದರು. ನಮ್ಮ ಮಹಡಿಯಿಂದ ಬರಿಗಣ್ಣಿಗೇ ಕಾಣುತ್ತದಂತೆ. ಎಲ್ಲರಿಗಿಂತ ಮೊದಲು ನನಗೇ ಕಂಡಿತು. ಎದ್ದುಬರುತ್ತಿದ್ದ ಹೊಗೆಗೆ ಕೈಯೆತ್ತಿ ಸೆಲ್ಯೂಟ್ ಹೊಡೆದು, ‘ಅದೋ, ಅದೋ!’ ಎಂದು ಕೂಗಿದೆ. ನಾನು ಸೆಲ್ಯೂಟ್ ಹೊಡೆದದ್ದು ಎಣ್ಣೂರಿನ ವಿದ್ಯುತ್ ಸ್ಥಾವರದ ಚಿಮಣಿಗೆ. ರಾಕೆಟ್ ಅದರ ಎಡಕ್ಕೆ, ನೇರ ಉತ್ತರದಲ್ಲಿ, ನನ್ನ ಅಪ್ಪಣೆಗೆ ಕಾಯದೆ ಏರುತ್ತಿತ್ತು.

ಜನ ಹೊಟ್ಟೆ ಹಿಡಿದುಕೊಂಡು ನಕ್ಕರು. ಆ ನಗು ನನಗೆ ಎಷ್ಟು ಹಿತವಾಯಿತೆಂದರೆ, ಇನ್ನೊಂದು ಚಿಮಣಿ ಇದ್ದಿದ್ದರೆ ಅದಕ್ಕೂ ಹೊಡೆಯುತ್ತಿದ್ದೆ. ರಾಕೆಟ್ ಹೋದ ಮೇಲೂ ಯಾರೂ ಇಳಿಯಲಿಲ್ಲ. ಹೆಂಡತಿ ಯಾಕೆ ಜೊತೆಗಿಲ್ಲ, ಸಾರಿಗೆ ಬೆಲ್ಲ ಹಾಕುತ್ತೀರಂತೆ ಹೌದೇ ಎಂದೆಲ್ಲ ವಿಚಾರಿಸಿದರು. ಮೇಲಿನ ಅಂತಸ್ತಿನ ವಿಶಾಲಾಕ್ಷಮ್ಮ ನಮ್ಮವರೇ ಎಂದು ತಿಳಿದದ್ದೂ ಅಂದೇ. ಅವರ ಯಜಮಾನರು ರೈಲ್ವೆಯಲ್ಲಿದ್ದವರು. ಎರಡು ತಲೆಮಾರಿನಿಂದ ಇಲ್ಲೇ ಇರುವ ಕುಟುಂಬ. ಕನ್ನಡ ಮಾತಾಡುತ್ತಾರೆ, ಓದು ಬರಹವೆಲ್ಲ ತಮಿಳು. ಅಂದಿನಿಂದ ನಾನು ರಾಕೆಟ್ ಅಭಿಮಾನಿಯಾದೆ. ಫೋನಿಗೆ ದಿಕ್ಸೂಚಿ ಹಾಕಿಸಿಕೊಂಡೆ, ಹಂತಗಳ ಹೆಸರು ಬಾಯಿಪಾಠ ಮಾಡಿದೆ. ಉಡಾವಣೆ ಮುಂದೂಡಿದರೆ ವಿಜ್ಞಾನಿಗಳು ಕಾರಣ ಹುಡುಕುತ್ತಾರೆ, ಸಮಾಧಾನವಾಗುತ್ತಾರೆ. ನಾನು ಮಾತ್ರ ಆ ರಾತ್ರಿ ಅನ್ನಕ್ಕೆ ಮಜ್ಜಿಗೆ ಕಲಸಿಕೊಂಡು ಬೇಗ ಮಲಗುತ್ತಿದ್ದೆ. ನನ್ನನ್ನು ನಾಲ್ಕು ಜನ ಮಾತಾಡಿಸುವ ದಿನವೇ ಮುಂದಕ್ಕೆ ಹೋಗಿರುತ್ತಿತ್ತಲ್ಲ!

ಆದರೆ ಬರುಬರುತ್ತಾ ಮಹಡಿಗೆ ಬರುವವರು ಕಡಿಮೆಯಾದರು. ಉತ್ತರಕ್ಕೆ ಒಂದು ದೊಡ್ಡ ಕಟ್ಟಡ ಎದ್ದಿತು. ಪ್ರತಿ ಉಡಾವಣೆಗೂ ಅದು ಒಂದು ಅಂತಸ್ತು ಬೆಳೆದಿರುತ್ತಿತ್ತು, ರಾಕೆಟ್ ಅಷ್ಟೇ ತಡವಾಗಿ ಕಾಣುತ್ತಿತ್ತು. ಫೋನಿನಲ್ಲೇ ನೇರಪ್ರಸಾರ ಬರುವಾಗ ಮೆಟ್ಟಿಲು ಹತ್ತುವವರಾರು? ಹೋದ ಸಲ ನಾನೂ, ಒಣಗಲು ಹಾಕಿದ್ದ ಒಂದು ಲುಂಗಿಯೂ ಇಬ್ಬರೇ ಇದ್ದೆವು.

ಈ ಸಲ ಹಾಗಾಗಗೊಡಬಾರದೆಂದು ಪಣ ತೊಟ್ಟೆ. ಅಪಾರ್ಟ್‌ಮೆಂಟಿನ ವಾಟ್ಸಾಪ್ ಗುಂಪಿನಲ್ಲಿ, ಸಂಜೆ ಮಹಡಿಯ ಮೇಲೆ ರಾಕೆಟ್ ವೀಕ್ಷಣೆ, ತಿಂಡಿ ಉಂಟು, ಎಲ್ಲರೂ ಬನ್ನಿ ಎಂದು ಇಂಗ್ಲಿಷಿನಲ್ಲಿ ಬರೆದೆ. ಸಾಲುಸಾಲಾಗಿ ಹೆಬ್ಬೆರಳುಗಳು ಎದ್ದವು. ನನ್ನ ಕಣ್ಣು ಒದ್ದೆಯಾಯಿತು ಎಂದರೆ ನಗಬೇಡಿ. ‘ಮನೆಯಲ್ಲಿ ಕಾರ್ಯಕ್ರಮ’ ಎಂದು ಅರ್ಧ ದಿನ ರಜೆ ಕೇಳಿದೆ. ‘ಮನೆಯಲ್ಲಿ ಇರೋದೇ ನೀವೊಬ್ರು, ಎಂಥ ಕಾರ್ಯಕ್ರಮ?’ ಎಂದರು ಮ್ಯಾನೇಜರು, ಆದರೂ ಕೊಟ್ಟರು. ಹೆಂಡತಿ ಕಳಿಸಿದ್ದ ದಾವಣಗೆರೆ ಮಂಡಕ್ಕಿಗೆ ಒಗ್ಗರಣೆ ಹಾಕಿ, ದೊಡ್ಡ ಪಾತ್ರೆ ತುಂಬ ಕಲಸಿದೆ. ಕಾವಲುಗಾರನಿಂದ ಪ್ಲಾಸ್ಟಿಕ್ ಕುರ್ಚಿಗಳನ್ನು ಕೇಳಿ ಪಡೆದು ಉತ್ತರಕ್ಕೆ ಮುಖ ಮಾಡಿ ಸಾಲಾಗಿ ಹಾಕಿದೆ. ಹೆಂಡತಿಗೆ ಫೋನ್ ಮಾಡಿದರೆ, ‘ಅಷ್ಟು ಮಂದಿಗೆ ಮಂಡಕ್ಕಿ ಸಾಲ್ತದೇನ್ರಿ?’ ಎಂದು ಅವಳಿಗೇ ಆತಂಕ.

ಸಾಲದೆ ಏನು! ಯಾರೂ ಬರಲಿಲ್ಲ. ನಡುನಡುವೆ ಗುಂಪಿನಲ್ಲಿ ಏನೇನೋ ಸಂದೇಶಗಳು ಬರುತ್ತಿದ್ದವು, ಎಲ್ಲ ತಮಿಳಿನಲ್ಲಿ. ನೀರಿನ ಟ್ಯಾಂಕರೋ, ಯಾರದೋ ಹುಟ್ಟುಹಬ್ಬವೋ, ನನ್ನ ಪದ್ಧತಿಯಂತೆ ಎಲ್ಲದಕ್ಕೂ ಹೆಬ್ಬೆರಳು ಎತ್ತಿಟ್ಟೆ. ಮೋಡ ಕವಿಯಿತು. ಒಂದೆರಡು ಹನಿಯೂ ಬಿತ್ತು. ಮಂಡಕ್ಕಿ ಬಾಯಿಗೆ ಹಾಕಿಕೊಂಡು ನೋಡಿದೆ, ಗರಿಗರಿ ಹೋಗುತ್ತಿತ್ತು. ಖಾಲಿ ಕುರ್ಚಿಗಳ ಸಾಲು ನೋಡಲಾಗದೆ ಒಂದರಲ್ಲಿ ಕೂತೆ. ಅದು ಇನ್ನೂ ಕೆಟ್ಟದಾಗಿ ಕಂಡಿತು, ಎದ್ದುಬಿಟ್ಟೆ. ಆ ಹೆಬ್ಬೆರಳುಗಳೆಲ್ಲ ಬರೀ ಸೌಜನ್ಯವೇ ಎಂದು ಅನಿಸಿ ಒಬ್ಬೊಬ್ಬರನ್ನೇ ಮನಸ್ಸಿನಲ್ಲಿ ಶಪಿಸಿದೆ. ಅಷ್ಟರಲ್ಲಿ ಆ ಕಟ್ಟಡದ ತಲೆಯ ಮೇಲಿಂದ ಕಿತ್ತಳೆ ಬೆಳಕು ಎದ್ದಿತು. ಸದ್ದಿಲ್ಲ, ಗದ್ದಲವಿಲ್ಲ. ಒಂದು ಗಳಿಗೆ ಏರಿ, ಬಲಕ್ಕೆ ವಾಲಿ, ಮೋಡದೊಳಗೆ ಹೋಗಿಬಿಟ್ಟಿತು. ಬಹಳ ಚೆನ್ನಾಗಿತ್ತು. ‘ನೋಡಿದಿರಾ?’ ಎಂದು ಪಕ್ಕಕ್ಕೆ ತಿರುಗಿದೆ. ಕುರ್ಚಿಗಳು ಸುಮ್ಮನಿದ್ದವು.

ಪಾತ್ರೆ ಹೊತ್ತು ಮೆಟ್ಟಿಲಿಳಿದೆ. ವಿಶಾಲಾಕ್ಷಮ್ಮನ ಬಾಗಿಲು ತೆರೆದಿತ್ತು, ಹೊರಗೆ ಚಪ್ಪಲಿಗಳ ರಾಶಿ. ಇಣುಕಿದರೆ, ಇಡೀ ಅಪಾರ್ಟ್‌ಮೆಂಟ್ ಅವರ ಹೊಸ ಟಿವಿಯ ಮುಂದೆ ಕೂತಿದೆ.

‘ಅಯ್ಯೋ, ವಾಂಗ ಸಾರ್! ಎಲ್ಲಿ ಹೋಗ್ಬಿಟ್ರಿ? ಮೇಲೆ ಮಳೆ ಬರೋ ಥರ ಇದೆ, ನಿಮ್ಮ ಪ್ರೋಗ್ರಾಂನ ನಮ್ಮನೇಗೆ ಮಾತ್ತಿದೀವಿ, ಶಿಫ್ಟ್ ಮಾಡಿದೀವಿ ಅಂತ ಗ್ರೂಪಲ್ಲಿ ಹಾಕಿದ್ನಲ್ಲ. ಫಸ್ಟ್ ತಂಬ್ಸ್ ಅಪ್ ಹಾಕಿದ್ದೇ ನೀವು! ನೀವು ಬಂದು ವಿಳಕ್ಕವಾಗಿ, ಬಿಡಿಸಿ ಹೇಳ್ತೀರಿ ಅಂತ ಎಲ್ಲಾರೂ ಕಾದಿದ್ದು’ ಎಂದರು.

ಟಿವಿಯ ಮುಂದೆ, ಎಲ್ಲರಿಗಿಂತ ಮುಂದಿನ ಸಾಲಿನಲ್ಲಿ, ಒಂದು ಕುರ್ಚಿ ಖಾಲಿ ಇತ್ತು.

ಮುಖ ಎಲ್ಲಿಡಲಿ? ಮೇಲೆ ನಾನು ಒಬ್ಬನೇ ಕೂತು ಇವರನ್ನೆಲ್ಲ ಮನಸ್ಸಿನಲ್ಲಿ ಶಪಿಸುತ್ತಿದ್ದಾಗ, ಇವರು ನನಗೆ ಜಾಗ ಹಿಡಿದು ಕೂತಿದ್ದರು. ‘ನೆಟ್ಟು ಸ್ಟಕ್ಕಾಗಿದೆ ಸಾರ್, ರಾಕೆಟ್ ಇನ್ನೂ ಕಿಳಂಬಿಲ್ಲ’ ಎಂದು ವಿಶಾಲಾಕ್ಷಮ್ಮನ ಯಜಮಾನರು ಪರದೆಯ ಮೇಲೆ ಗಿರಗಿರ ಸುತ್ತುತ್ತಿದ್ದ ಚಕ್ರ ತೋರಿಸಿದರು. ಹೋದ ರಾಕೆಟ್ಟನ್ನು ‘ಹೋಯಿತು’ ಎನ್ನಲು ನನಗೆ ಬಾಯಿ ಬರಲಿಲ್ಲ. ‘ಹೌದಾ, ಸದ್ಯ!’ ಎಂದು ಕುರ್ಚಿಯಲ್ಲಿ ಕೂತೆ. ಚಿತ್ರಕ್ಕೆ ಜೀವ ಬಂತು. ಎಲ್ಲರೂ ಒಟ್ಟಿಗೆ ಹಿಂದುಮುಂದಾಗಿ ಎಣಿಸಿದೆವು. ರಾಕೆಟ್ ಎರಡನೆಯ ಸಲ ಹಾರಿತು. ಎಲ್ಲರಿಗಿಂತ ಜೋರಾಗಿ ಚಪ್ಪಾಳೆ ತಟ್ಟಿದವನು ನಾನೇ. ಮೊದಲ ಹಂತ ಬೇರ್ಪಟ್ಟಾಗಲೂ ತಟ್ಟಿದೆವು. ಬೇರೆಯಾದದ್ದಕ್ಕೆ ಚಪ್ಪಾಳೆ ಬೀಳುವುದು ಅಲ್ಲೊಂದೇ. ನಾನು ದಾವಣಗೆರೆಯಲ್ಲಿ ರೈಲು ಹತ್ತಿದಾಗ ಯಾರೂ ತಟ್ಟಿರಲಿಲ್ಲ. ಮೆತ್ತಗಾದ ಮಂಡಕ್ಕಿ ಕೈಯಿಂದ ಕೈಗೆ ಹೋಯಿತು. ‘ಪೊರಿ ನಮತ್ತೋಗಿದೆ ಸಾರ್, ಆದ್ರೂ ಟೇಸ್ಟಿದೆ’ ಎನ್ನುತ್ತಾ ವಿಶಾಲಾಕ್ಷಮ್ಮ ಇನ್ನೊಂದು ಹಿಡಿ ಹಾಕಿಕೊಂಡರು.

ಆಗ ಕಿಟಕಿಯ ಗಾಜು ಸಣ್ಣಗೆ ಅದುರಿತು. ದೂರದಿಂದ, ಆಕಾಶವೆಲ್ಲ ದಾಟಿಕೊಂಡು, ನಿಜವಾದ ರಾಕೆಟ್ಟಿನ ಗುಡುಗು ಈಗಷ್ಟೇ ನಮ್ಮ ಮನೆ ಬಾಗಿಲಿಗೆ ಬಂದಿತ್ತು. ಎಲ್ಲರೂ ತಲೆಯೆತ್ತಿ ನನ್ನ ಕಡೆ ನೋಡಿದರು.

‘ಏನು ಸಾರ್ ಅದು?’

ಹೇಳಿದರೆ ಎಲ್ಲರೂ ಮಹಡಿಗೆ ಓಡಿಯಾರು, ಅಲ್ಲಿ ಆ ಕುರ್ಚಿಗಳ ಸಾಲನ್ನು ನೋಡಿಯಾರು. ಅದಕ್ಕಿಂತ ಹೆಚ್ಚಾಗಿ, ಈ ಕೋಣೆ ಖಾಲಿಯಾದೀತು.

‘ಡೈರಿ ಲಾರಿ’ ಎಂದೆ.

ಎಲ್ಲರೂ ಒಪ್ಪಿಕೊಂಡು ಟಿವಿಯ ಕಡೆ ತಿರುಗಿದರು. ರಾಕೆಟ್ ವಿಷಯದಲ್ಲಿ ನಮ್ಮ ಅಪಾರ್ಟ್‌ಮೆಂಟಿನಲ್ಲಿ ನನ್ನ ಮಾತಿಗೆ ಅಷ್ಟು ಬೆಲೆಯಿದೆ.