ವಡ್ಡು ಕ್ರಾಸಿನಲ್ಲಿ ಬಿದ್ದ ಟೋಪಿ

ಗಣಿ ಜೋರಾಗಿದ್ದ ಕಾಲದಲ್ಲಿ ಟಿವಿ ಕ್ಯಾಮೆರಾ ಹೊತ್ತು ಹೊಸಪೇಟೆ–ಸಂಡೂರು ನಡುವೆ ಅಲೆದವನಿಗೆ ನಗೆ ಪ್ರಸಂಗಗಳಿಗೇನು ಬರ? ಆಗ ನಕ್ಕಿದ್ದು ನಿಜ. ಈಗ ನೆನೆದರೆ ನಗು ಬರುವುದಿಲ್ಲ.

ಕ್ಯಾಮೆರಾ ಬಂತು

ವಡ್ಡು ಕ್ರಾಸಿನಲ್ಲಿ ಅದಿರು ಲಾರಿ ಹರಿದು ಒಬ್ಬ ಕೂಲಿಯಾಳು ಸತ್ತ. ಅಲ್ಲೊಂದು ರೋಡ್ ಹಂಪ್ ಹಾಕಿ ಎಂದು ಅವನ ಹೆಂಡತಿ, ಊರವರು ಕೂಡಿ ರಸ್ತೆ ತಡೆ ಇಟ್ಟುಕೊಂಡರು. ನಾನು ಚಿತ್ತವಾಡ್ಗಿಯಿಂದ ಬೈಕಿನಲ್ಲಿ ಧೂಳು ಕುಡಿಯುತ್ತ ಹೋಗುವಷ್ಟರಲ್ಲಿ ತಡವಾಗಿತ್ತು. ನೋಡಿದರೆ ಲಾರಿಗಳು ಆರಾಮಾಗಿ ಓಡುತ್ತಿವೆ. ಪೊಲೀಸರೂ ಹೋರಾಟಗಾರರೂ ಒಂದೇ ಬೆಂಚಿನಲ್ಲಿ ಕೂತು ಮಿರ್ಚಿ ಬಜ್ಜಿ ತಿನ್ನುತ್ತಿದ್ದಾರೆ.

"ತಡೆ ಎಲ್ರಿ?" ಎಂದೆ.

ಹಿರಿಯ ಕಾನ್‌ಸ್ಟೇಬಲ್ ಕೈ ಒರೆಸಿಕೊಂಡು ಎದ್ದ. "ನೀವು ಬರಲಾರ್ದ ಹೆಂಗ ಚಾಲೂ ಮಾಡ್ತಾರ್ರಿ? ಏಳ್ರಪಾ, ಕ್ಯಾಮೆರಾ ಬಂತು!"

ಇನ್ನೊಂದು ಸಲ

ಅವತ್ತೇ ರಸ್ತೆಗೆ ಅಡ್ಡ ಮಲಗಿದ್ದ ಒಬ್ಬ ಮುದುಕನನ್ನು ಪೊಲೀಸರು ಎತ್ತಿ ವ್ಯಾನಿಗೆ ಹಾಕಿದರು. ಸರಿಯಾಗಿ ಆಗಲೇ ನನ್ನ ಬ್ಯಾಟರಿ ಕೈಕೊಟ್ಟಿತು. ಮುದುಕ ಕಿಟಕಿಯಿಂದ ಇಣುಕಿದ. "ಬಂತೇನಪಾ?"

"ಇಲ್ಲ ಯಜ್ಜಾ."

"ಹಂಗಾರ ತಡಿ, ಇಳಿತೀನಿ." ನಾನು ಬೇರೆ ಬ್ಯಾಟರಿ ಹಾಕುವಷ್ಟರಲ್ಲಿ ಇಳಿದು ಮತ್ತೆ ರಸ್ತೆಯಲ್ಲಿ ಮಲಗಿ ಕಾನ್‌ಸ್ಟೇಬಲ್‌ಗೆ ಹೇಳಿದ: "ಈ ಸಲ ಎಡಗಾಲು ಹಿಡೀಬ್ಯಾಡ್ರಿ, ಮೊಣಕಾಲು ಭಾಳ ನೋಯ್ತೈತಿ."

ಬೈಯಲು ಬಾರದವಳು

ಟಿವಿಯಲ್ಲಿ ಮುದುಕ ಬಂದ, ರೋಡ್ ಹಂಪಿನ ಸುದ್ದಿ ಬರಲಿಲ್ಲ. ಸತ್ತವನ ಹೆಂಡತಿ ಮೆತ್ತಗೆ ಹೇಳಿದ್ದನ್ನೆಲ್ಲ ಆಫೀಸಿನವರು ಕತ್ತರಿಸಿದ್ದರು. ಅದರಲ್ಲಿ ಗಲಾಟೆ ಇಲ್ಲವಂತೆ. ಆಮೇಲೆ ಸಿಕ್ಕಾಗ ಆಕೆ, "ನನ್ನ ಮಕ್ಕಳೂ ಅದ ರಸ್ತೆ ದಾಟ್ತಾವ ತಮ್ಮಾ" ಎಂದಳು.

ಮುಂದಿನ ತಡೆಯ ದಿನ ಆ ಕಾನ್‌ಸ್ಟೇಬಲ್‌ಗೇ ಮನಸ್ಸು ತಡೆಯಲಿಲ್ಲ. "ಯವ್ವಾ, ಸುಮ್ಮನ ಕುಂತ್ರ ಯಾರೂ ತೋರ್ಸಂಗಿಲ್ಲ. ನನ್ನ ಬೈಯಿ, ದಬ್ಬು."

ಆಕೆ ಸೆರಗು ಬಿಗಿದು ಎದ್ದಳು. "ಸಾಹೇಬ್ರ..." ಎಂದಳು. ಮುಂದಕ್ಕೆ ಮಾತೇ ಹೊರಡಲೊಲ್ಲದು. ಕಡೆಗೆ, "ಊಟ ಮಾಡೀರಿಲ್ರಿ?" ಎಂದುಬಿಟ್ಟಳು. ಜನ ಬಿದ್ದು ಬಿದ್ದು ನಕ್ಕರು. ನಾಚಿಕೆಯಾಗಿ ಅವನ ಎದೆಗೆ ಬೆರಳಲ್ಲಿ ಒಂಚೂರು ದಬ್ಬಿದಳು. ಅವನು ಬೇಕಂತಲೇ ಹಿಂದಕ್ಕೆ ವಾಲಿ ಟೋಪಿ ಬೀಳಿಸಿಕೊಂಡ. ಆಕೆ ಗಾಬರಿಯಿಂದ ಟೋಪಿ ಎತ್ತಿ, ಸೆರಗಿನಲ್ಲಿ ಕೆಂಪು ಧೂಳು ಒರೆಸಿ, ಅವನ ತಲೆಗೆ ನೆಟ್ಟಗೆ ಇಟ್ಟಳು. ಆಮೇಲೆ ಹಂಪಿನ ವಿಷಯ ಹೇಳಿದಳು. ಎಲ್ಲವನ್ನೂ ಆಫೀಸಿಗೆ ಕಳಿಸಿದೆ.

ಟಿವಿಯಲ್ಲಿ ಬಂದದ್ದು ಟೋಪಿ ಬೀಳುವವರೆಗೆ ಮಾತ್ರ. ಅದನ್ನೇ ಹೊರಳಿಸಿ ಹೊರಳಿಸಿ ತೋರಿಸಿದರು. ಕೆಳಗೆ ದಪ್ಪಕ್ಷರ: "ಪೊಲೀಸರ ಮೇಲೆ ಮಹಿಳೆ ಹಲ್ಲೆ!" ಪೊಲೀಸ್ ಮೇಲಧಿಕಾರಿಗಳು ನೋಡಿ ಆಕೆಯ ಮೇಲೆ ಕೇಸು ಹಾಕಿಸಿದರು. ಆಕೆಯನ್ನು ಜೀಪಿನಲ್ಲಿ ಠಾಣೆಗೆ ಕರೆತರಲು ಹೋದವನು ಅದೇ ಕಾನ್‌ಸ್ಟೇಬಲ್.

ದಾರಿಯಲ್ಲಿ ನಡೆದದ್ದನ್ನು ಅವನೇ ಆಮೇಲೆ ಹೇಳಿದ, ಕಣ್ಣು ಒರೆಸಿಕೊಳ್ಳುತ್ತ. ಆಕೆ ಬಾಯಿ ಬಿಟ್ಟದ್ದು ಒಂದೇ ಸಲವಂತೆ:

"ಸಾಹೇಬ್ರ, ಕ್ರಾಸ್ ಬಂತು. ಜೀಪು ಸಾವಕಾಶ ಹೊಡೀರಿ, ಹಂಪ್ ಇನ್ನಾ ಹಾಕಿಲ್ಲ."