ಬಂದ್ ಎನ್ನದ ಬಟನ್

ಅಹಂಕಾರ ಮನುಷ್ಯನೊಳಗೆ ಯಾವ ಕಿಂಡಿಯಿಂದ ನುಸುಳುತ್ತದೆಂದು ಹೇಳಲಾಗದು. ಕೆಲವರಿಗೆ ಹೊಲದಿಂದ, ಕೆಲವರಿಗೆ ಮೀಸೆಯಿಂದ. ನನಗೆ ಬಂದದ್ದು ಟೂಲ್‌ಟಿಪ್ಪಿನಿಂದ. ಕಂಪ್ಯೂಟರಿನ ಪರದೆಯಲ್ಲಿ ಯಾವುದಾದರೂ ಬಟನ್ನಿನ ಮೇಲೆ ಮೌಸಿನ ಬಾಣವನ್ನು ಒಂದು ಕ್ಷಣ ನಿಲ್ಲಿಸಿದರೆ, 'ಇದು ಇಂಥ ಕೆಲಸಕ್ಕೆ' ಎಂದು ಹೇಳುವ ಪುಟ್ಟ ಚೀಟಿಯೊಂದು ತೆರೆದುಕೊಳ್ಳುತ್ತದಲ್ಲ, ಅದೇ. ಲೋಕ ಅದನ್ನು ಓದಿ ಮರೆಯುತ್ತದೆ. ನಾನು ಅದರ ಅಂಚು ದುಂಡಗೆ ಮಾಡಲು ಒಂದು ಭಾನುವಾರ, ಅದರ ಹಿಂದೊಂದು ತೆಳು ನೆರಳು ಬೀಳಿಸಲು ಇನ್ನೊಂದು ಭಾನುವಾರ ಕಳೆದವನು. ಹೆಂಡತಿ ಹೊಸ ಸೀರೆ ಉಟ್ಟು ಎದುರಿಗೆ ನಿಂತರೆ ಅದು ಹಸಿರೋ ನೀಲಿಯೋ ಎಂದು ತಡವರಿಸುವ ನನಗೆ, ಬಟನ್ನಿನ ವಿಷಯಕ್ಕೆ ಬಂದರೆ ಬೂದು ಬಣ್ಣದಲ್ಲೇ ಒಂಬತ್ತು ಬಗೆ ಕಾಣುತ್ತವೆ. ಇದನ್ನು ಅವಳು ಒಂದಕ್ಕಿಂತ ಹೆಚ್ಚು ಸಲ ನೆನಪಿಸಿದ್ದಾಳೆ.

ಶಹಾಬಾದಿಗೆ ಹತ್ತಿರದ ಭಂಕೂರಿನಲ್ಲಿ ಕಲ್ಲು ಕೊಯ್ಯುವ ಕಾರ್ಖಾನೆಯೊಂದಿದೆ. ಅಲ್ಲಿ ನಾನು ಕಂಪ್ಯೂಟರಿನವನು. ಚಪ್ಪಡಿ ಉರುಳೆಗಳ ಮೇಲೆ ತಾನಾಗಿ ಸರಿದು ಗರಗಸದ ಚಕ್ರದತ್ತ ಹೋಗುತ್ತದೆ. ಅದನ್ನು ನಡೆಸುವ ಪರದೆ ನನ್ನ ಕೈಕೆಲಸ. ಮೊದಲು ಬಟನ್ನುಗಳ ಮೇಲೆ 'ಚಾಲೂ', 'ನೀರು', 'ಬಂದ್' ಎಂದು ನೇರವಾಗಿ ಬರೆದಿದ್ದೆ. ಅದನ್ನು ನೋಡಿದ ಮಾಲೀಕರು, ಸಾವ್ಕಾರ ಶಿವಲಿಂಗಪ್ಪನವರು, ಹಣೆಯ ವಿಭೂತಿ ಮಾಸದಂತೆ ಬೆವರು ಒರೆಸಿಕೊಂಡರು. ಆಮೇಲೆ ಹೇಳಿದರು: "ಸಂಜೀಕ ಅಂಗಡಿ ಕೀಲಿ ಹಾಕಿದ್ರೂ ನಾವು ಬಂದ್ ಮಾಡೀವಿ ಅನ್ನಂಗಿಲ್ಲ, ಬಾಗ್ಲಾ ಮುಂದ ಮಾಡೀವಿ ಅಂತೀವಿ. ನೀ ನನ್ನ ಕಾರ್ಖಾನಿ ಮ್ಯಾಲೇ ಬಂದ್ ಅಂತ ಬರ್ದೀಯಲ್ಲೋ ತಮ್ಮಾ."

ಮಾತಿನಲ್ಲಿ ಹುರುಳಿತ್ತು. ನಮ್ಮ ಮನೆಯಲ್ಲೂ ದೀಪ ಆರಿಸುವುದಿಲ್ಲ, ಶಾಂತ ಮಾಡುತ್ತೇವೆ. ಹೊರಟವರು 'ಹೋಗ್ತೀನಿ' ಎಂದರೆ ಅವ್ವ ಕೈಹಿಡಿದು ಕೂರಿಸಿ, 'ಬರ್ತೀನಿ' ಎನ್ನಿಸಿಯೇ ಕಳಿಸುತ್ತಾಳೆ. ಆ ಪದ ತೆಗೆದೆ. ಒಂದನ್ನು ತೆಗೆದ ಮೇಲೆ ಉಳಿದವು ಹಲ್ಲುದುರಿದ ಬಾಯಿಯಂತೆ ಕಂಡವು. ಎಲ್ಲ ಹೆಸರುಗಳನ್ನೂ ತೆಗೆದು ಚಿತ್ರಗಳನ್ನಿಟ್ಟೆ. ಎಲ್ಲಕ್ಕೂ ಒಂದೇ ಬೂದು ಬಣ್ಣ. ನಿಲ್ಲಿಸುವ ಬಟನ್ನಿಗೆ, ನಿದ್ದೆಯ ಗುರುತಾಗಿ, ಅರ್ಧಚಂದ್ರ. ವಿವರವೆಲ್ಲ ಟೂಲ್‌ಟಿಪ್ಪಿನಲ್ಲಿ. ಅದೂ ತಟ್ಟನೆ ಎದುರಿಗೆ ನಿಂತರೆ ಒರಟಾಗುತ್ತದೆಂದು ಮೆಲ್ಲಗೆ ಮೂಡಿಬರುವಂತೆ ಮಾಡಿದೆ. ಗೋಡೆಯ ಮೇಲಿನ ಹಳೆಯ ಮೇನ್ ಸ್ವಿಚ್ಚಿನ ಹಿಡಿಕೆಯನ್ನು ಇನ್ನು ಯಾರೂ ಮುಟ್ಟಬೇಕಾಗಿಲ್ಲ ಎಂದು ಎಲ್ಲರಿಗೂ ಸಾರಿದೆ.

ಹೊಸ ಪರದೆ ಶುರುವಾದ ಬೆಳಿಗ್ಗೆ ಸಾವ್ಕಾರರು ಇಸ್ತ್ರಿ ಮಾಡಿದ ಧೋತರ ಉಟ್ಟು ಬಂದರು. ಚಪ್ಪಡಿ ಸರಿಯುವ ಚಂದ ನೋಡಲು ಬಾಗಿದರು. ಧೋತರದ ಚುಂಗು ಉರುಳೆಗಳ ನಡುವೆ ಸಿಕ್ಕಿತು. ಅವರು ಅದನ್ನು ಜಗ್ಗಿದರು; ಉರುಳೆ ಅವರನ್ನು ಜಗ್ಗಿತು. ಗರಗಸ ನಾಲ್ಕು ಮೊಳ ದೂರವಿತ್ತು. "ಬಂದ್ ಮಾಡ್ರೋ, ಬಂದ್" ಎಂದರು ಸಾವ್ಕಾರರು. ಅಪಶಕುನದ ಚಿಂತೆಗೆ ಆಗ ಪುರುಸೊತ್ತಿರಲಿಲ್ಲ.

ಪರದೆಯ ಮುಂದಿದ್ದ ಇಸ್ಮಾಯಿಲ್ ಭಾಯ್, ಮಷಿನ್ ನಡೆಸುವವರು, ಮೊದಲ ಬಟನ್ನಿನ ಮೇಲೆ ಬಾಣ ಇಟ್ಟರು. 'ನೀರಿನ ಹರಿವನ್ನು ಆರಂಭಿಸಲು' ಎಂದು ಚೀಟಿ ನಿಧಾನವಾಗಿ ಮೂಡಿತು. ಎರಡನೆಯದರ ಮೇಲೆ ಇಟ್ಟರು. 'ಚಕ್ರದ ವೇಗವನ್ನು ವೃದ್ಧಿಸಲು.' ಪುಣ್ಯಕ್ಕೆ ಒತ್ತಲಿಲ್ಲ. "ಯಾವ್ದ್ರಿ ಸರ ಅದು" ಎಂದು ನನ್ನನ್ನೇ ಕೇಳಿದರು. ಅಷ್ಟರಲ್ಲಿ ಬಾಣ ಅರ್ಧಚಂದ್ರಕ್ಕೆ ಬಂತು. 'ಯಂತ್ರಕ್ಕೆ ವಿಶ್ರಾಂತಿ ನೀಡಬಯಸುವಿರಾದರೆ ದಯವಿಟ್ಟು' ಎಂದು ನನ್ನ ವಿನಯ ಅಕ್ಷರ ಅಕ್ಷರವಾಗಿ ಅರಳತೊಡಗಿತು. ಸುಳ್ಳು ಹೇಳುವುದಿಲ್ಲ, ಆ ಕ್ಷಣದಲ್ಲಿ ಚೀಟಿಯ ನೆರಳು ಚೆನ್ನಾಗಿ ಬಂದಿದೆಯೆಂದು ನನಗನ್ನಿಸಿತು. ಇವತ್ತಿಗೂ ವಾಡಿ ಸ್ಟೇಷನ್ನಿನಲ್ಲಿ ರೈಲಿಗೆ ಕಾಯುವಾಗ, ಸ್ನಾನಕ್ಕೆ ಕೂತಾಗ, ಅದೆಲ್ಲ ಮತ್ತೆ ಕಣ್ಣ ಮುಂದೆ ನಡೆಯುತ್ತದೆ. ಪ್ರತಿ ಸಲವೂ ಮೊದಲು ಕಾಣುವುದು ನೆರಳು, ಆಮೇಲೆ ಸಾವ್ಕಾರರು.

ಯಂತ್ರ ನಿಂತಿತು. ನಿಲ್ಲಿಸಿದ್ದು ಕಾಶೀಬಾಯಿ. ಕಲ್ಲಿನ ರಾಡಿ ಬಾಚಿ ಹಾಕುವ ಆಕೆ ಬುಟ್ಟಿ ಬಿಟ್ಟು ಓಡಿ, ಗೋಡೆಯ ಹಿಡಿಕೆಯನ್ನು ಎರಡೂ ಕೈಯಿಂದ ಕೆಳಗೆಳೆದಿದ್ದಳು. ಧೋತರವೆಲ್ಲ ಉರುಳೆಗಳ ಪಾಲಾಗಿತ್ತು. ಸಾವ್ಕಾರರು ಪಟ್ಟಾಪಟ್ಟಿ ಚಡ್ಡಿಯಲ್ಲಿ ಚಕ್ರಕ್ಕೆ ಒಂದು ಗೇಣು ಈಚೆ ನಿಂತಿದ್ದರು. ಯಾರೂ ನಗಲಿಲ್ಲ. ಇಷ್ಟು ಜನ ಓದಿದವರಿಗೆ ಹೊಳೆಯದ್ದು ನಿನಗೆ ಹೇಗೆ ಹೊಳೆಯಿತು ಎಂದು ಸಾವ್ಕಾರರು ಆಕೆಯನ್ನು ಕೇಳಿದರು. "ನನಗ ಓದ್ಲಾಕ ಬರಲ್ರಿ ಸಾವ್ಕಾರ, ಅದಕ್ಕ ಲಗೂ ಆತು" ಎಂದು ಆಕೆ ಬುಟ್ಟಿ ಎತ್ತಿಕೊಂಡಳು.

ಈಗ ಪರದೆಯ ಕಾಲುಭಾಗವನ್ನೇ ತುಂಬಿ ಕೆಂಪು ಬಟನ್ನೊಂದು ಕೂತಿದೆ. ಮೇಲೆ ದಪ್ಪಕ್ಷರದಲ್ಲಿ 'ಬಂದ್'. ಟೂಲ್‌ಟಿಪ್ ಇಲ್ಲ. ಗೋಡೆಯ ಹಿಡಿಕೆಗೂ ಕೆಂಪು ಬಣ್ಣ ಬಳಿದಿದೆ. ಎಲ್ಲರೂ ಸುಖವಾಗಿದ್ದೇವೆ. ಸಾವ್ಕಾರರು ಬಂದವರಿಗೆಲ್ಲ ತಪ್ಪು ತಮ್ಮದೇ ಎನ್ನುತ್ತಾರೆ: ಒಂದು ಶಬ್ದಕ್ಕೆ ಹೆದರಿ ಜೀವಕ್ಕೇ ಕುತ್ತು ತಂದುಕೊಂಡಿದ್ದೆ, ಈ ಹುಡುಗ ನಾನು ಹೇಳಿದಷ್ಟೇ ಮಾಡಿದ, ಪಾಪ. ನಾನು ಪಕ್ಕದಲ್ಲಿ ತಲೆ ತಗ್ಗಿಸಿ ನಿಲ್ಲುತ್ತೇನೆ. ಅವರು ತೆಗೆಯೆಂದದ್ದು ಪದವೊಂದನ್ನು ಮಾತ್ರ. ಮೊದಲ ಪರದೆಯಲ್ಲೂ ಆ ಬಟನ್ ಕೆಂಪಗೇ ಇತ್ತು. ಅದನ್ನು ಬೂದು ಮಾಡಿದ್ದು ನಾನು, ನನ್ನ ಟೂಲ್‌ಟಿಪ್ಪಿನ ಪಕ್ಕ ಕೆಂಪು ಹೊಂದುವುದಿಲ್ಲವೆಂದು. ಇದನ್ನು ಹೇಳಿಬಿಡಬೇಕೆಂದು ಮೂರು ಸಲ ಸಾವ್ಕಾರರ ಕೋಣೆಗೆ ಹೋಗಿದ್ದೇನೆ. ಅವರು ಕುಂದ್ರು ಎನ್ನುತ್ತಾರೆ, ಚಹಾ ತರಿಸುತ್ತಾರೆ. ಚಹಾ ಭಾಳ ಛಲೋ ಇರುತ್ತದೆ. ಕುಡಿದು ಬರುತ್ತೇನೆ.