ಎಡಕ್ಕೇ ಎಳೆಯುತ್ತಿದ್ದ ಸಾಹುಕಾರರ ಕಾರು

ಗಾಡಿ ಕೆಟ್ಟರೆ ಅದರ ಕಾರಣ ಗಾಡಿಯಲ್ಲೇ ಇರುತ್ತದೆ ಎಂದು ನಂಬಿ ನಾನು ಈ ಧಂದೆಗೆ ಇಳಿದೆ. ಇಳಿದ ವರ್ಷವೇ ಆ ನಂಬಿಕೆ ಹೋಯಿತು. ನಮ್ಮ ಕಡೆ ಗ್ಯಾರೇಜು ಇಟ್ಟವನಿಗೆ ಇಂಥ ಪ್ರಸಂಗಗಳು ತಪ್ಪಿದ್ದಲ್ಲ.

ಎಪ್ಪತ್ತರ ದಶಕದ ಮಾತು. ಮುರಗೋಡದಲ್ಲಿ ನಮ್ಮದು ಪೌರೋಹಿತ್ಯದ ಮನೆತನ. ತಂದೆ ಪಂಚಾಂಗ ನೋಡಿ ಹೇಳುವವರು. ನಾನು ಮಂತ್ರ ಅರ್ಧಕ್ಕೇ ಬಿಟ್ಟು, ಯರಗಟ್ಟಿಯಲ್ಲಿ ಬೆಳಗಾವಿ ರಸ್ತೆಯ ಬದಿಗೆ ತಗಡಿನ ಗ್ಯಾರೇಜು ಹಾಕಿದೆ. ಮೈತುಂಬ ಗ್ರೀಸು ಬಳಿದುಕೊಂಡು ನಿಂತರೂ ಜನ ನನ್ನನ್ನು "ಭಟ್ರ" ಅಂತಲೇ ಕರೆಯುತ್ತಿದ್ದರು. ತಂದೆ ಒಂದು ಗಡುವು ಹಾಕಿದ್ದರು. "ಯುಗಾದಿ ಒಳಗ ಒಬ್ಬರಾದ್ರೂ ನಿನಗ ಮಿಸ್ತ್ರಿ ಅಂದ್ರ ಗ್ಯಾರೇಜ್ ನಡಸು. ಇಲ್ಲಾಂದ್ರ ಕೀಲಿ ಹಾಕಿ ಬಂದು ನನ್ನ ಹಿಂದ ಸಂಚಿ ಹಿಡಕೊಂಡು ನಡಿ."

ಯುಗಾದಿಗೆ ಒಂದು ತಿಂಗಳಿದ್ದಾಗ, ಒಂದು ಸೋಮವಾರ, ಬೈಲಹೊಂಗಲದಿಂದ ಒಬ್ಬ ಅರಳೆ ಸಾಹುಕಾರರ ಕಾರು ಬಂತು.

೧. ಕಾರಿನ ರೂಢಿ

ಕಾರು ಹಳೆಯದು, ಆಗಷ್ಟೇ ಕೊಂಡದ್ದು. ಸಾಹುಕಾರರೇ ನಡೆಸುತ್ತಿದ್ದರು.

"ಭಟ್ರ, ಬ್ರೇಕ್ ಒತ್ತಿದ್ರ ಸಾಕು, ಎಡಕ್ಕ ಎಳೀತೈತಿ" ಎಂದರು. ರೋಗದ ಜೊತೆಗೆ ಕಾರಣವನ್ನೂ ತಂದಿದ್ದರು. "ಇದರ ಹಿಂದಿನ ಮಾಲಕ ಬೆಳಗಾವಿಗೆ ಹೋಗುವಾಗ ದಿನಾ ಎಡಗಡೆ ಒಂದು ಖಾನಾವಳಿ ಮುಂದ ನಿಲ್ಲಸ್ತಿದ್ನಂತ. ಅದಕ್ಕ ರೂಢಿ ಬಿದ್ದೈತಿ."

"ಸಾಹುಕಾರ್ರ, ವಾಪಸ್ ಬರುವಾಗ ಆ ಖಾನಾವಳಿ ಬಲಕ್ಕ ಬರತದಲ್ಲರಿ? ಆವಾಗ ಬಲಕ್ಕ ಎಳೀಬೇಕಲ್ಲ?"

"ಬರುವಾಗ ಊಟಾ ಆಗಿರತೈತಲ್ರಿ" ಎಂದರು.

೨. ಸಾಹುಕಾರರ ತೂಕ

ಮೊದಲು ಗಾಲಿಗಳ ಗಾಳಿ ನೋಡಿದೆ. ನಾಲ್ಕೂ ಸಮ ಇದ್ದವು. ಇನ್ನು ರಸ್ತೆಯಲ್ಲಿ ಓಡಿಸಿಯೇ ನೋಡಬೇಕು. ನಾನು ಸ್ಟೇರಿಂಗ್ ಹಿಡಿದೆ, ಸಾಹುಕಾರರು ನನ್ನ ಎಡಕ್ಕೆ ಕುಳಿತರು. ಕುಳಿತ ಕೂಡಲೇ ಕಾರು ಆ ಕಡೆ ನಾಲ್ಕು ಬೆರಳು ತಗ್ಗಿತು. ಸವದತ್ತಿ ಕಡೆಯ ನೆಟ್ಟನೆ ರಸ್ತೆಯಲ್ಲಿ ಬ್ರೇಕ್ ಒತ್ತಿದೆ. ಕಾರು ಎಡಕ್ಕೆ ಹೊರಳಿ ಜೋಳದ ಹೊಲದ ಬದುವಿಗೆ ಮೂಗು ಹಚ್ಚಿ ನಿಂತಿತು.

ತೂಕದಿಂದ ಹೀಗೆ ಆಗುತ್ತಿರಬಹುದೇ ಎಂಬ ಸಂಶಯ ನನಗೆ. ಅದನ್ನು ಹೇಳುವುದು ಹೇಗೆ? "ಸಾಹುಕಾರ್ರ, ನೀವು ಒಂದೀಟು ಕೆಳಗ ಇಳದು, ದೂರ ನಿಂತು ಗಾಲಿ ನೋಡ್ರಿ" ಎಂದೆ.

ಅವರು ಮುಂದೆ ನಡೆದುಹೋಗಿ ರಸ್ತೆಯ ಎಡಬದಿಗೆ ನಿಂತರು. ನಾನು ಖಾಲಿ ಕಾರು ತಂದು ಅವರ ಹತ್ತಿರ ಬ್ರೇಕ್ ಒತ್ತಿದೆ. ಕಾರು ಎಡಕ್ಕೆ ಹೊರಳಿ ಅವರ ಮೇಲೇ ಹೊರಟಿತು. ಅಷ್ಟು ಭಾರದ ಮನುಷ್ಯ ಅಷ್ಟು ಚುರುಕಾಗಿ ಬದು ಹಾರಿದ್ದನ್ನು ನಾನು ಮತ್ತೆ ಕಂಡಿಲ್ಲ. ತೂಕದ ಸಂಶಯ ಅಲ್ಲಿಗೆ ಮುಗಿಯಿತು.

ಧೋತರ ಕೊಡವಿಕೊಳ್ಳುತ್ತ ಸಾಹುಕಾರರು ಹೇಳಿದರು: "ಒಳಗಿದ್ರೂ ನನ್ನ ಕಡೆನ, ಹೊರಗಿದ್ರೂ ನನ್ನ ಕಡೆನ. ಮನಿಯಾಗ ಹೆಂಡ್ತಿ ಸುದ್ದಾ ಇಷ್ಟು ಎಳದಿಲ್ರಿ ನನ್ನ ಕಡೆ!"

೩. ಶಾಣ್ಯಾ ಎತ್ತು

ಗ್ಯಾರೇಜಿಗೆ ಮರಳಿ ನಾನು ಬಲಗಡೆಯ ಮುಂದಿನ ಗಾಲಿಗೆ ಜ್ಯಾಕ್ ಕೊಟ್ಟೆ.

"ಎಳ್ಯೂದು ಎಡಕ್ಕ, ನೀವು ಬಿಚ್ಚೂದು ಬಲಕ್ಕ?"

"ಸಾಹುಕಾರ್ರ, ಎಡಗಡೆ ಎತ್ತು ನಿಂತು, ಬಲಗಡೆ ಎತ್ತು ನಡದ್ರ ಬಂಡಿ ಯಾವ ಕಡೆ ತಿರಗತದ?"

"ಎಡಕ್ಕ."

"ಇದೂ ಅಷ್ಟ. ಎಡಗಡೆ ಗಾಲಿ ಬ್ರೇಕ್ ಹಿಡದು ನಿಲ್ಲತದ, ಬಲಗಡೆದ್ದು ಹಿಡ್ಯೂದಿಲ್ಲ."

"ಹಂಗಾರ ಎಡಗಡೆ ಎತ್ತು ಶಾಣ್ಯಾ. ಬಲಗಡೆದಕ್ಕ ಹಾಕ್ರಿ ಎರಡು!"

ಗಾಲಿಯ ಡ್ರಮ್ ಬಿಚ್ಚಿದರೆ, ಅದನ್ನು ಒಳಗಿನಿಂದ ಒತ್ತಿ ಹಿಡಿಯುವ ಬ್ರೇಕಿನ ಶೂಗಳು ಎಣ್ಣೆಯಲ್ಲಿ ಮುಳುಗೆದ್ದಿದ್ದವು. ಗಾಲಿ ಜಾರದೆ ಇನ್ನೇನು ಮಾಡೀತು? ಬ್ರೇಕ್ ಆಯಿಲ್ ಸೋರಿರಬೇಕೆಂದು ರಬ್ಬರುಗಳನ್ನು ಬದಲಿಸಿದೆ, ಶೂಗಳಿಗೆ ಹೊಸ ಲೈನರ್ ಹಾಕಿದೆ. ಕಾರು ಸೂಜಿಗೆ ದಾರ ಪೋಣಿಸಿದಷ್ಟು ನೆಟ್ಟಗೆ ನಿಂತಿತು. ನನ್ನ ಎದೆಯುಬ್ಬಿತು.

ಮುಂದಿನ ಸೋಮವಾರ ಕಾರು ಮತ್ತೆ ಬಂತು. ಮತ್ತೆ ಎಡಕ್ಕೆ, ಮತ್ತೆ ಎಣ್ಣೆ. ಬಿಚ್ಚಿದೆ, ತೊಳೆದೆ, ಜೋಡಿಸಿದೆ. ಮೂರನೆಯ ಸೋಮವಾರವೂ ಅದೇ ಹಾಡು. ಯುಗಾದಿ ಹತ್ತಿರ ಬರುತ್ತಿತ್ತು. ಈ ಸಾಹುಕಾರರು ಪೇಟೆಯಲ್ಲಿ ಬಾಯಿ ಬಿಟ್ಟರೆ ಬೈಲಹೊಂಗಲ, ಸವದತ್ತಿಯ ಒಂದು ಗಾಡಿಯೂ ನನ್ನ ಬಾಗಿಲಿಗೆ ಬರುವುದಿಲ್ಲ. ನಿಜವಾಗಿ ಹೆದರಿಕೆಯಾಗಿತ್ತು. ಆ ಸಲ ಎಣ್ಣೆಯನ್ನು ಬೆರಳಿಗೆ ಹಚ್ಚಿ ಮೂಸಿ ನೋಡಿದೆ. ಬ್ರೇಕ್ ಆಯಿಲ್ ಅಲ್ಲ, ಗ್ರೀಸೂ ಅಲ್ಲ. ದೇವರ ಮನೆಯ ದೀಪದ, ಅಡಿಗೆಮನೆಯ ಒಗ್ಗರಣೆಯ ವಾಸನೆ.

"ಏನಂತೈತ್ರಿ ವಾಸನಿ?" ಎಂದರು ಸಾಹುಕಾರರು.

"ಹಸಿವಿ ಆಗಲಿಕ್ಕೆ ಹತ್ತೇದ" ಎಂದೆ.

೪. ಶನಿವಾರ ಬೆಳಿಗ್ಗೆ

ಕಾರು ಸೋಮವಾರ ನೆಟ್ಟಗಿದ್ದು ವಾರದೊಳಗೆ ಕೆಡುತ್ತದೆ ಎಂದರೆ ಮನೆಯಲ್ಲೇ ಏನೋ ನಡೆಯುತ್ತಿದೆ. ನಾನು ಹೇಳದೆ ಕೇಳದೆ ಬೈಲಹೊಂಗಲದ ಬಸ್ಸು ಹತ್ತಿದೆ. ಅಂದು ಶನಿವಾರ.

ಮನೆಯ ಮುಂದೆ ಕಾರು ನಿಂತಿತ್ತು. ಬಲಗಡೆಯ ಮುಂದಿನ ಗಾಲಿಯ ನಡುವಿನ ಮುಚ್ಚಳ ತೆಗೆದು ಕಟ್ಟೆಯ ಮೇಲೆ ಇಟ್ಟಿದ್ದರು. ಸಾಹುಕಾರರು ಸ್ನಾನ ಮಾಡಿ, ಒದ್ದೆ ಧೋತರದಲ್ಲಿ, ಗಾಲಿಯ ನಟ್ಟನಡುವೆ ಸೌಟಿನಿಂದ ಎಳ್ಳೆಣ್ಣೆ ಎರೆಯುತ್ತಿದ್ದರು. ಎಣ್ಣೆ ಡ್ರಮ್ಮಿನ ತೂತಿನೊಳಗೆ ಗುಳುಗುಳು ಇಳಿಯುತ್ತಿತ್ತು.

"ಸಾಹುಕಾರ್ರ, ಏನ್ರಿ ಇದು!"

"ಗಾಡಿಗೆ ಶನಿ ದೃಷ್ಟಿ ಐತ್ರಿ. ಕೊಂಡ ದಿನಾನ ಶಾಸ್ತ್ರಿಗಳು ಹೇಳ್ಯಾರ, ಬಲಗಾಲಿಗೆ ವಾರಾ ಒಂದು ಸೌಟು. ಎಡಕ್ಕ ಎಳ್ಯಾಕ ಹತ್ತಿದ ಮ್ಯಾಲ ನಾನ ಎರಡು ಸೌಟು ಮಾಡೇನಿ."

"ಮದಲ ಇದನ್ನ ನಿಲ್ಲಸ್ರಿ!"

"ಹೇಳಿದವರ ನಿಲ್ಲಸಂತ ಹೇಳಬೇಕ್ರಿ. ಮುರಗೋಡದಾಗ ದೊಡ್ಡ ಬೇವಿನ ಗಿಡದ ಮುಂದಿನ ಮನಿ ಅವರದು. ಬಾಳ ತಿಳದವರು."

ಆ ಬೇವಿನ ಗಿಡದ ಮುಂದಿನ ಮನೆಯಲ್ಲೇ ನಾನು ಹುಟ್ಟಿದ್ದು. ಅದನ್ನು ಹೇಳದೆ, ಚಹಾ ಕುಡಿದು ಮುರಗೋಡದ ಬಸ್ಸು ಹತ್ತಿದೆ.

೫. ತಂದೆಯವರ ಪರಿಹಾರ

ತಂದೆ ಪಡಸಾಲೆಯಲ್ಲಿ ಪಂಚಾಂಗ ಹಿಡಿದು ಕುಳಿತಿದ್ದರು. ಎತ್ತು, ಬಂಡಿ, ಡ್ರಮ್, ಎಣ್ಣೆ ಎಲ್ಲವನ್ನೂ ಬಿಡಿಸಿ ಹೇಳಿದೆ. ಅವರು ನಡುವೆ ಬಾಯಿ ಹಾಕದೆ ಕೇಳಿದರು.

"ಅಂದ್ರ, ಒಂದ ಗಾಲಿಗೆ ಎಣ್ಣಿ ಬಿದ್ದದ್ದಕ್ಕ ಒಂದ ಕಡೆ ಎಳೀತದ?"

"ಹೌದು ಅಪ್ಪಾ."

"ಅಷ್ಟನ? ಎರಡೂ ಗಾಲಿಗೆ ಎರೀ ಅಂತ ಹೇಳ್ತೀನಿ. ನೆಟ್ಟಗ ಹೋಗ್ತದ."

"ನೆಟ್ಟಗ ಹೋಗ್ತದ ಅಪ್ಪಾ. ಆದ್ರ ನಿಂದ್ರೂದಿಲ್ಲ."

ತಂದೆ ಪಂಚಾಂಗ ಮುಚ್ಚಿದರು. "ನೀ ನಡಿ, ನಾ ನೋಡ್ಕೋತೀನಿ" ಎಂದರು.

ಸೋಮವಾರ ಕಾರು ಬಂತು, ನಾಲ್ಕನೆಯ ಸಲ ಬಿಚ್ಚಿ ತೊಳೆದು ಕಳಿಸಿದೆ. ಅದರ ಮುಂದಿನ ಸೋಮವಾರ ಯುಗಾದಿಗೆ ಮೂರೇ ದಿನ. ಕಾರು ದೂರದಿಂದ ಬಂದು, ಗ್ಯಾರೇಜಿನ ಮುಂದೆ ಗೆರೆ ಎಳೆದಂತೆ ನಿಂತಿತು. ಸಾಹುಕಾರರು ಪೇಡೆಯ ಪೊಟ್ಟಣ ಹಿಡಿದು ಇಳಿದರು.

"ಮಿಸ್ತ್ರಿ, ತಗೋರಿ!"

ನನ್ನ ಕಣ್ಣು ತುಂಬಿದವು. "ಏನಂದ್ರಿ?"

"ಮಿಸ್ತ್ರಿ ಅಂದೆ. ಶಾಸ್ತ್ರಿಗಳ ಹಂಗ ಅಂದ್ರು. 'ಶನಿ ಇಳದಾನ, ಎಣ್ಣಿ ಸಾಕು. ಇನ್ನ ಮ್ಯಾಲ ಏನಿದ್ರೂ ಯರಗಟ್ಟಿ ಮಿಸ್ತ್ರಿ ಕಡೆ ಹೋಗ್ರಿ' ಅಂದ್ರು. ಅವತ್ತಿಂದ ಗಾಡಿ ನೆಟ್ಟಗೈತಿ."

ನಾನು ಪೇಡೆ ಬಾಯಿಗಿಟ್ಟೆ. ಗಡುವು ಗೆದ್ದಾಗಿತ್ತು. ಸಾಹುಕಾರರು ನನ್ನ ಹೆಗಲ ಮೇಲೆ ಕೈ ಇಟ್ಟು, ದನಿ ತಗ್ಗಿಸಿ, ಹಿರಿಯರು ಬುದ್ಧಿ ಹೇಳುವ ಹಾಗೆ ಹೇಳಿದರು:

"ಆದ್ರೂ ಒಂದು ಮಾತು, ಮಿಸ್ತ್ರಿ, ಸಿಟ್ಟಾಗಬ್ಯಾಡ್ರಿ. ನೀವು ನಾಕು ಸಲ ಬಿಚ್ಚಿದ್ರೂ ಆಗಲಿಲ್ಲ, ಅವರು ಗಾಡಿ ಮುಟ್ಟದ ರಿಪೇರಿ ಮಾಡಿದ್ರು. ಗ್ಯಾರೇಜಿಗೆ ಒಂದು ವರ್ಷ ಕೀಲಿ ಹಾಕಿ, ಅವರ ಹಿಂದ ಸಂಚಿ ಹಿಡಕೊಂಡು ಅಡ್ಡಾಡಿ ಕೆಲಸಾ ಕಲತು ಬರ್ರಿ."